ಹಲಗೆ ದಾರಿಗೆ ಹನ್ನೊಂದು ಪ್ರಶ್ನೆಗಳು

ನಮ್ಮ ವಂಶದಲ್ಲಿ ಬಿ.ಎ. ಪಾಸಾದ ಮೊದಲ ಮನುಷ್ಯ ನಾನು. ಇದರಿಂದ ಬಂಡ್ರಿಯ ನಮ್ಮ ಬಂಧುಬಳಗಕ್ಕೆ ಆದ ಲಾಭವೆಂದರೆ ಪುಕ್ಕಟೆ ಅರ್ಜಿ ಬರೆಯುವವನೊಬ್ಬ ಸಿಕ್ಕಿದ್ದು. ನನಗೆ ಆದ ನಷ್ಟವೆಂದರೆ ಅರ್ಜಿ ಬರೆಯದೆ ಯಾವ ಕೆಲಸವನ್ನೂ ಮಾಡಲಾರದವನಾಗಿ ಹೋಗಿದ್ದು. ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಹತ್ತು ವರ್ಷ ಗುಮಾಸ್ತಿಕೆ ಮಾಡಿದ ಮೇಲೆ ಈ ಕಾಯಿಲೆ ಮೂಳೆಗೇ ಇಳಿದಿದೆ. (ಸಾರಿಗೆ ಉಪ್ಪು ಕಡಿಮೆಯಾದರೂ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದೇ ಬಾಯಿಗೆ ಬರುತ್ತದೆ.)

ನನ್ನ ಹೆಂಡತಿ ವಿರುಪಮ್ಮ ಕಂಪ್ಲಿಯವಳು. ಕಾಲುವೆ ನೀರಿನಲ್ಲಿ ಭತ್ತ ಬೆಳೆದು ಚೇತರಿಸಿಕೊಂಡ ಮನೆತನ. ಮೂರು ವರ್ಷದವಳಿದ್ದಾಗ ಜ್ವರ ಬಂದು ಅವಳ ಎಡಗಾಲು ಸೊರಗಿತು. ಕೈಯಲ್ಲೊಂದು ಬಿದಿರುಕೋಲು ಹಿಡಿದು ನಡೆಯುತ್ತಾಳೆ. ನಿಧಾನ, ಅಷ್ಟೇ. ಆದರೆ ಕಚೇರಿಯವರೆಲ್ಲ ಸಂಸಾರ ಸಮೇತ ಎಲ್ಲಿಗಾದರೂ ಹೋದಾಗ ನಾನು, "ನೀ ಇಲ್ಲೇ ಕುಂದ್ರು, ಮ್ಯಾಲ ಭಾಳ ಕಲ್ಲದಾವ" ಎಂದು ಅವಳನ್ನು ಬೇವಿನ ನೆರಳಿನಲ್ಲಿ, ಬುತ್ತಿಗಂಟುಗಳ ಪಕ್ಕ ಕೂರಿಸಿ ಹೋಗುತ್ತಿದ್ದೆ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ಮಾತಂಗ ಪರ್ವತದ ಬುಡ ನೋಡಿದ್ದಾಳೆ, ಆನೆಗೊಂದಿ ಬೆಟ್ಟದ ಬುಡ ನೋಡಿದ್ದಾಳೆ, ಜಂಬುನಾಥನ ಗುಡ್ಡದ ಬುಡವನ್ನಂತೂ ಮೂರು ಸಲ ನೋಡಿದ್ದಾಳೆ. ಬುಡಗಳ ವಿಷಯದಲ್ಲಿ ಅವಳಷ್ಟು ಅನುಭವಸ್ಥರು ಹೊಸಪೇಟೆ ತಾಲ್ಲೂಕಿನಲ್ಲೇ ಇರಲಾರರು.

ಹೀಗಿರುವಾಗ ಪಕ್ಕದ ಕ್ವಾರ್ಟರ್ಸಿನ ನಿಂಗಕ್ಕ ಸಂಡೂರಿಗೆ ಹೋಗಿ ಬಂದು ಒಂದು ಸುದ್ದಿ ತಂದಳು. ಜೇನುಹಳ್ಳದ ಕಾಡಿನೊಳಗೆ ಅರಣ್ಯದವರು ಹಲಗೆ ಹಾಸಿ ದಾರಿ ಮಾಡಿದ್ದಾರಂತೆ. ಎರಡೂ ಕಡೆ ಹಿಡಿದುಕೊಳ್ಳಲು ಕಟಾಂಜನ. ಝರಿಯ ಬಾಯಿಯವರೆಗೆ ಒಂದೇ ಸಮ.

"ಏನ್ ಹೇಳ್ಲಿ ವಿರುಪವ್ವ, ನೆಲಕ್ಕ ಕಾಲ ಹಚ್ಚಂಗಿಲ್ಲ! ಮಂಚದ ಮ್ಯಾಲ ಅಡ್ಡಾಡಿದಂಗ. ನಮ್ಮತ್ತಿ, ಎಂಬತ್ತು ವರ್ಷದ ಮುದುಕಿ, ಝರಿಗೆ ಹೋಗಿ ಮಾರಿ ತೊಳಕೊಂಡ ಬಂದ್ಳು."

ಮರುದಿನ ವಿರುಪಮ್ಮ ನನಗೆ ರೊಟ್ಟಿ ಬಡಿಸುತ್ತ ಹೇಳಿದಳು: "ನಾ ಆ ಝರಿ ನೋಡಬೇಕ್ರಿ. ಒಳಗ ಹೋಗಿ ನೋಡಬೇಕು. ಬುತ್ತಿ ಕಾಯಾಕಾದ್ರ ನಾ ಬರಂಗಿಲ್ಲ."

ಹನ್ನೆರಡು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊದಲ ಸಂಗತಿ ಅದು. ಬೇರೆ ಗಂಡನಾಗಿದ್ದರೆ ಬರುವ ಭಾನುವಾರವೇ ಸಂಡೂರಿನ ಬಸ್ಸು ಹತ್ತಿಸುತ್ತಿದ್ದ. ನಾನು ಪದವೀಧರ. ಶ್ರೀಮತಿಯವರ ವನವಿಹಾರಕ್ಕೆ ಪೂರ್ವಸಿದ್ಧತೆ ಬೇಡವೇ? ಕಚೇರಿಯ ಟೈಪ್‌ರೈಟರಿನ ಮುಂದೆ ಕುಳಿತು ಅರಣ್ಯದವರಿಗೆ ಹನ್ನೊಂದು ಪ್ರಶ್ನೆಗಳ ಪತ್ರ ಬಡಿದೆ. ಹಲಗೆಯ ಅಗಲವೆಷ್ಟು? ಎರಡು ಹಲಗೆಗಳ ನಡುವಿನ ಸಂದಿನಲ್ಲಿ ಕೋಲಿನ ತುದಿ ಸಿಕ್ಕುವ ಸಂಭವವುಂಟೇ? ಕಟಾಂಜನ ಎಷ್ಟು ಎತ್ತರ, ಕೈಗೆ ಸಿಬಿರು ಚುಚ್ಚುವುದೇ? ಮರಕ್ಕೆ ಗೆದ್ದಲು ತಗುಲಿದೆಯೇ, ತಗುಲಿದ್ದರೆ ಕೈಗೊಂಡ ಕ್ರಮವೇನು? ಕೊನೆಗೆ, 'ಅಕ್ಟೋಬರ್ ಎರಡನೇ ಶನಿವಾರ ಖುದ್ದು ಭೇಟಿ ನೀಡಲಾಗುವುದು' ಎಂದು ಬರೆದು, ಹೆಸರಿನ ಕೆಳಗೆ ಹುದ್ದೆಯನ್ನೂ ಕಚೇರಿಯನ್ನೂ ನಮೂದಿಸಿ, ಕಂದು ಲಕೋಟೆಯಲ್ಲಿಟ್ಟೆ. (ಖಾಸಗಿ ವಿಷಯವಾದ್ದರಿಂದ ಅಂಚೆಚೀಟಿ ನನ್ನದೇ.)

"ಹೋಗಾಕ ಬಸ್ ಬೇಕು. ಕಾಗದ ಯಾಕ ಬೇಕ್ರಿ?" ಎಂದಳು ಅವಳು.

"ಮೊದಲ ಎಲ್ಲಾ ತಿಳಕೊಂಡು ಹೋಗೋದು ಚಲೋ."

"ಮದಿವಿಗೆ ಮೊದಲ ನಮ್ಮಪ್ಪಗೂ ಹಿಂಗ ಬರದಿದ್ರೇನು? ಕಾಲಿನ ಅಳತಿ ಕೇಳಿ?"

"ಛೆ, ಆವಾಗ ನನಗಿನ್ನೂ ನೌಕರಿ ಆಗಿದ್ದಿಲ್ಲ" ಎಂದೆ. (ಇದು ಸರಿಯಾದ ಉತ್ತರವಲ್ಲವೆಂದು ಹೇಳಿದ ಮೇಲೆ ತಿಳಿಯಿತು.)

ತಿಂಗಳಾದರೂ ಉತ್ತರ ಬರಲಿಲ್ಲ. ಅವಳು ಹಸಿರು ಸೀರೆಯೊಂದನ್ನು ಮಡಿಚಿ ಟ್ರಂಕಿನ ಮೇಲೆ ಇಟ್ಟಿದ್ದಳು. ಮೊದಮೊದಲು ದಿನಾ, "ಉತ್ತರ ಬಂತೇನ್ರಿ?" ಎನ್ನುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಸೀರೆಯ ಮೇಲೆ ಧೂಳು ಕೂರುವುದನ್ನು ನೋಡಲಾರದೆ, ಜೀವನದಲ್ಲಿ ಮೊದಲ ಬಾರಿಗೆ ನಾನು ಉತ್ತರವಿಲ್ಲದೆ ಹೊರಟೆ. ತಾರೀಖು ಮಾತ್ರ ಪತ್ರದಲ್ಲಿ ಬರೆದದ್ದೇ, ಎರಡನೇ ಶನಿವಾರ.

ಜೇನುಹಳ್ಳದ ತಿರುವಿನಲ್ಲಿ ಬಸ್ಸಿಳಿದಾಗ ದಾರಿಯ ಬಾಯಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಇಸ್ತ್ರಿ ಮಾಡಿದ ಖಾಕಿ ತೊಟ್ಟ ಗಾರ್ಡ್ ಒಬ್ಬ ಓಡಿ ಬಂದು, ನನ್ನ ಹಿಂದೆ ಮುಂದೆ ನೋಡಿ, "ಸಾಹೇಬ್ರು ಎಲ್ಲಿ ಅದಾರ್ರಿ?" ಎಂದ. ಅವನ ಹೆಸರು ಜಂಬಯ್ಯ.

"ಯಾವ ಸಾಹೇಬ್ರು?"

"ಕಾಲುವಿ ಆಫೀಸಿಂದ ತಪಾಸಣಿಗೆ ಬರ್ತಾರಂತ ಕಾಗದ ಬಂದೈತ್ರಿ. ಹನ್ನೊಂದು ಪಾಯಿಂಟು! ಹದಿನೈದು ದಿನ ಆತು, ನನಗ ಅನ್ನ ಸೇರವಲ್ದು. ಗೆದ್ದಲ ಐತೇನು ಅಂತ ಕೇಳ್ಯಾರ. ಅದಕ್ಕ ನಿನ್ನಿ ಸಂಜಿತನಕ ಈ ತುದಿಯಿಂದ ಆ ತುದಿಗೆ ಡಾಂಬರ ಹೊಡದೀನಿ. ಇನ್ನ ಮೂರು ದಿನ ಯಾರನ್ನೂ ಬಿಡಂಗಿಲ್ರಿ."

ಹಗ್ಗದಾಚೆ ಹಲಗೆ ದಾರಿ ಆಗತಾನೆ ಕೆರೆಯಿಂದ ಎದ್ದ ಎಮ್ಮೆಯ ಬೆನ್ನಿನಂತೆ ಮಿರಮಿರ ಮಿಂಚುತ್ತಿತ್ತು.

ವಿರುಪಮ್ಮ ನನ್ನ ಕಡೆ ನೋಡಿದಳು. ಆಮೇಲೆ ಜಂಬಯ್ಯನನ್ನು ಕೇಳಿದಳು: "ಆ ಕಾಗದ ಯಾರು ಬರದಾರಣ್ಣ?"

"ಯಾರೋ ಭಾಳ ಓದಿದಾಂವ ಇರಬೇಕವ್ವ. ಓದಲಾರದೋರು ಇಷ್ಟು ಕಾಡಂಗಿಲ್ಲ."

ತಿಂಗಳಿಡೀ ಕಾದವಳನ್ನು ಮತ್ತೊಂದು ಬುಡಕ್ಕೆ ತಂದು ನಿಲ್ಲಿಸಿದ್ದೆ. ನನಗೆ ತಡೆಯಲಾಗಲಿಲ್ಲ. "ಬಿಸಲಿಗೆ ಒಣಗಿರ್ತದ, ನಾ ತೋರಿಸ್ತೀನಿ ನೋಡು" ಎಂದು ಹಗ್ಗದಡಿ ನುಗ್ಗಿ ಹಲಗೆ ಹತ್ತಿಯೇಬಿಟ್ಟೆ. ಮೂರನೇ ಹೆಜ್ಜೆಗೆ ಎಡಗಾಲಿನ ಚಪ್ಪಲಿ ಹಿಂದೆ ಉಳಿಯಿತು. ನಾಲ್ಕನೆಯದಕ್ಕೆ ಬಲಗಾಲಿನದು. ಬರಿಗಾಲಲ್ಲಿ ಮತ್ತೆ ನಾಲ್ಕು ಹೆಜ್ಜೆ ಇಟ್ಟಾಗ ಪಾದಗಳೂ ಬರಲು ಒಪ್ಪಲಿಲ್ಲ. ಬೀಳುವಂತಾಗಿ ಕಟಾಂಜನ ಹಿಡಿದೆ. ಜಂಬಯ್ಯ ಕರ್ತವ್ಯನಿಷ್ಠ. ಕಟಾಂಜನಕ್ಕೂ ಹೊಡೆದಿದ್ದ.

ಅಷ್ಟರಲ್ಲಿ ಸೌದೆ ತರಲು ಹೊರಟ ಒಬ್ಬ ಹೆಂಗಸು ಹಗ್ಗದ ಹತ್ತಿರ ನಿಂತಳು. ಜಂಬಯ್ಯ ಅವಳನ್ನು ಸುಂಕಮ್ಮ ಎಂದು ಕರೆದದ್ದು ಕೇಳಿಸಿತು.

"ಯಾಕವ್ವ ಹಿಂಗ ನಿಂತಿ?" ಎಂದು ಅವಳು ನನ್ನ ಹೆಂಡತಿಯನ್ನು ಕೇಳಿದಳು.

"ಝರಿ ನೋಡಾಕ ಬಂದಿದ್ದೆ. ದಾರಿ ಮುಚ್ಯಾರ."

"ದಾರಿ ಎಲ್ಲಿ ಮುಚ್ಯಾರ? ನಾವು ಹುಟ್ಟಿದಾಗಿಂದ ಅಡ್ಡಾಡೋದು ಈ ಕಾಲುದಾರಿಯಾಗ. ಆ ಹಲಗಿ ಪ್ಯಾಟಿಯವರಿಗೆ. ಬಾ, ನನಗೂ ಜಲ್ದಿ ಏನಿಲ್ಲ."

ನಾನು ಹಲಗೆಯ ಮೇಲಿಂದಲೇ ಕೂಗಿದೆ: "ವಿರುಪಾ, ಬ್ಯಾಡ! ಕಲ್ಲದಾವ, ಬೇರದಾವ. ನಿನ್ನ ಕಡೆ ಆಗಂಗಿಲ್ಲ!"

ಅವಳು ನಿಂತಳು. ತಿರುಗಿದಳು. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಮಾಡಲಿಲ್ಲ.

"ಆಗಂಗಿಲ್ಲ ಅಂತ ನಿಮಗ ಯಾರು ಹೇಳಿದ್ರು? ಹನ್ನೆರಡು ವರ್ಷದಾಗ ಒಂದಿನಾರ ನನ್ನ ಕೇಳೀರೇನು?"

ಕೇಳಿರಲಿಲ್ಲ. ಅರಣ್ಯದವರಿಗೆ ಹನ್ನೊಂದು ಪ್ರಶ್ನೆ ಕೇಳಿದವನು ಹೆಂಡತಿಗೆ ಒಂದೂ ಕೇಳಿರಲಿಲ್ಲ.

ಅವಳು ಕೋಲೂರುತ್ತ ಸುಂಕಮ್ಮನ ಹಿಂದೆ ಹೋದಳು. ಒಂದು ಕಡೆ ಕಾಲು ಜಾರಿ ಕುಳಿತಳು, ಎದ್ದಳು, ನಕ್ಕದ್ದು ಕೇಳಿಸಿತು. ಹಸಿರು ಸೀರೆ ಗಿಡಗಳ ಹಸಿರಿನಲ್ಲಿ ಸೇರಿಹೋಯಿತು. ಕೋಲಿನ ಸದ್ದೂ ನಿಂತಿತು. ನಾನು ಅಲ್ಲೇ ಅಂಟಿಕೊಂಡು ನಿಂತಿದ್ದಾಗ, ಯಾರಿಗೂ ಹೇಳದ ಒಂದು ಸಂಗತಿ ನೆನಪಾಯಿತು. ಗುಡ್ಡಗಳ ಬುಡದಲ್ಲಿ ಅವಳನ್ನು ಕೂರಿಸುತ್ತಿದ್ದದ್ದು ಕಲ್ಲಿನ ಭಯಕ್ಕಲ್ಲ. ಇವಳಿಗಾಗಿ ಕಚೇರಿಯವರೆಲ್ಲ ನಿಂತು ಕಾಯಬೇಕಾದೀತು, ಆಗ ಅವರ ಮುಖ ಹೇಗೆ ನೋಡಲಿ ಎಂಬ ನಾಚಿಕೆಗೆ.

ಜಂಬಯ್ಯ ಸೀಮೆಎಣ್ಣೆ ಬಟ್ಟೆ ತಂದು ನನ್ನನ್ನು ಹಲಗೆಯಿಂದ ಬಿಡಿಸಲು ಎರಡು ತಾಸು ಹಿಡಿಯಿತು. ಅಂಗಾಲಿನ ಅರ್ಧ ಚರ್ಮ ಆ ದಾರಿಗೇ ಕಾಣಿಕೆಯಾಯಿತು. ಚಪ್ಪಲಿಗಳು ಇಂದಿಗೂ ಅಲ್ಲೇ ಇರಬೇಕು. ವಿರುಪಮ್ಮ ಬಂದಾಗ ಸೀರೆಯ ಅಂಚು ಒದ್ದೆಯಾಗಿತ್ತು, ಮುಖ ತೊಳೆದಂತಿತ್ತು. "ಹೆಂಗಿತ್ತು?" ಎಂದೆ. "ಇತ್ತು" ಎಂದಳು. ನನಗೆ ಸಿಕ್ಕ ಝರಿ ಅಷ್ಟೇ.

ಸಂಜೆಯ ಬಸ್ಸು ತುಂಬಿ ತುಳುಕುತ್ತಿತ್ತು. ಉರಿಯುವ ಕರಿಯ ಪಾದಗಳನ್ನು ನೆಲಕ್ಕೆ ತಾಕಿಸದಂತೆ, ಹಿಮ್ಮಡಿಯ ಮೇಲೆ ಕುಂಟುತ್ತ ಮೆಟ್ಟಿಲು ಹತ್ತಿದೆ. ಮುಂದೆ ಹತ್ತಿದ್ದ ವಿರುಪಮ್ಮ ಕೋಲಿನಿಂದ ಸೀಟಿನ ಕಂಬಿಯನ್ನು ಟಕಟಕ ಬಡಿದಳು.

"ಸ್ವಲ್ಪ ಸರೀರಿ ಯಣ್ಣ. ನಮ್ಮ ಮನಿಯವರಿಗೆ ನಡಿಯಾಕ ಬರಂಗಿಲ್ಲ. ಕುಂದ್ರಾಕ ಜಾಗ ಕೊಡ್ರಿ."

ಇಡೀ ಬಸ್ಸು ನನ್ನ ಕಾಲು ನೋಡಿತು. ಒಬ್ಬ ಮುದುಕ ಎದ್ದು ಜಾಗ ಕೊಟ್ಟು, ಕನಿಕರದಿಂದ ನನ್ನನ್ನಲ್ಲ, ಅವಳನ್ನು ಕೇಳಿದ: "ಪಾಪ, ಭಾಳ ದಿನದಿಂದ ಹಿಂಗೇನವ್ವ?"

"ಭಾಳ ದಿನದಿಂದ ಇತ್ತಣ್ಣ. ಇವತ್ತ ಹೊರಗ ಬಿತ್ತು."

ಹೊಸಪೇಟೆಯವರೆಗೂ ಅವಳು ಕಂಬಿ ಹಿಡಿದು ನಿಂತೇ ಬಂದಳು. ನಾನು ಎದ್ದು ಅವಳಿಗೆ ಜಾಗ ಬಿಡಲು ಹೋದಾಗಲೆಲ್ಲ ಆ ಮುದುಕ ನನ್ನ ಭುಜ ಅದುಮಿ ಕೂರಿಸುತ್ತಿದ್ದ: "ಕುಂದ್ರಪ್ಪ, ಕುಂದ್ರು. ಆಕಿ ಗಟ್ಟಿ ಅದಾಳ."