ತೇಜಾಬಿನಲ್ಲಿ ಅಡಗಿ ಕೂತ ಈಥರ ಸಾಹೇಬರಿಗೆ

ಇಳಕಲ್ಲ, ಜನವರಿ ೧೯೦೯

ಬೂಚಿನ ಬಾಟಲಿಯಲ್ಲಿ ವಿರಾಜಮಾನರಾದ ಮಾನ್ಯ ಈಥರ ಸಾಹೇಬರೇ,

ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವನು. ಸೊಟ್ಟ ಅಕ್ಷರಕ್ಕೂ ಕಾಗುಣಿತದ ತಪ್ಪಿಗೂ ಕ್ಷಮೆಯಿರಲಿ. ಎದುರು ನಿಂತು ಮಾತಾಡಲು ನಾಚಿಕೆಯಾಗಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಇಮಾಮಸಾಬರ ಬಣ್ಣದ ಮನೆಯಲ್ಲಿ ನಾನು ರೇಷ್ಮೆಗೆ ಬಣ್ಣ ಹಾಕುತ್ತೇನೆ. ಒಂದು ಸೆರಗಿನ ಎಣ್ಣೆ ಕಲೆ ತೆಗೆಯಲೆಂದು, ನೋಡಲು ನೀರಿನಂತಿದ್ದು ಮೂಗಿಗೆ ಸಾರಾಯಿಯಂತೆ ಹೊಡೆಯುವ ತಾವು ದವಾಖಾನೆಯಿಂದ ದಯಮಾಡಿಸಿದಿರಿ. ನಮ್ಮಲ್ಲಿ ಬಣ್ಣದ ರೇಷ್ಮೆಗೆ ಕೊನೆಗೆ ಹುಳಿನೀರು ತೋರಿಸದಿದ್ದರೆ ಹೊಳಪು ಏಳುವುದಿಲ್ಲ. ತಮಗೂ ಹುಳಿ ತೋರಿಸಿದರೆ ಕಸುವು ಹೆಚ್ಚೀತೆಂದು ನಂಬಿದ್ದು ನನ್ನ ತಪ್ಪು. ಹುಣಸೆನೀರು ಹಾಕಿದೆ, ತಾವು ಮೇಲೆ ತೇಲುತ್ತ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಲಿಂಬೆರಸಕ್ಕೂ ಅದೇ ಮರ್ಯಾದೆ. ಆಮೇಲೆ ತಮ್ಮನ್ನು ಮೇಲಿನಿಂದ ಬಸಿದು, ತಣ್ಣೀರಲ್ಲಿಟ್ಟ ಗಾಜಿನ ಬಟ್ಟಲಿನ ಗಂಧಕದ ತೇಜಾಬಿಗೆ, ಅಂದರೆ ಹುಳಿಗಳಲ್ಲೆಲ್ಲ ಉಗ್ರವಾದ ಆಮ್ಲಕ್ಕೆ, ಹನಿಹನಿಯಾಗಿ ಬಿಟ್ಟೆ. ಅಷ್ಟು ದೊಡ್ಡವರು ಸಿಕ್ಕೊಡನೆ ತಾವು ಗುರುತೂ ಉಳಿಯದಂತೆ ಅವರಲ್ಲಿ ಕರಗಿಹೋದಿರಿ.

ಇಮಾಮಸಾಬರು ಬಂದು ಖಾಲಿ ಬಾಟಲಿ ನೋಡಿ, ನನ್ನ ಅಂಗಿ ಮೂಸಿ, "ಏನ್ಲೇ ಶಾಬುದ್ದೀನ, ಕುಡದಿ ಏನ? ಕುಡುಕರು ನನ್ನ ಹಂಡೇಕ ಕೈ ಹಚ್ಚಬಾರ್ದು, ನಡಿ ಮನಿಗೆ!" ಎಂದರು. ಮೂರು ತಲೆಮಾರಿನಿಂದ ಹೆಂಡ ಮುಟ್ಟದ ಮನೆಯವನು ನಾನು. ತಾವು ಗೇಣು ದೂರದಲ್ಲೇ ಕೂತು ಎಲ್ಲ ಕೇಳಿಯೂ ತುಟಿ ಬಿಚ್ಚಲಿಲ್ಲ. ಎಂಥ ಸಂಯಮ!

ದವಾಖಾನೆಯ ಕಂಪೌಂಡರ ಅಮೀನಸಾಬರು ಬಂದು ನಾನು ಮಾಡಿದ್ದನ್ನೆಲ್ಲ ಕೇಳದಿದ್ದರೆ ನನ್ನ ಹೆಸರು ಅಲ್ಲಿಗೇ ಮುಗಿಯುತ್ತಿತ್ತು. "ಕಾಕಾ, ಅದು ಇವನ ಹೊಟ್ಟ್ಯಾಗಿಲ್ರಿ, ತೇಜಾಬಿನಾಗ ಐತಿ. ತಣ್ಣೀರಿಗೆ ಸಾವಕಾಶ ಬಿಡ್ರಿ, ತಾನ ಮ್ಯಾಲ ಬರ್ತೈತಿ," ಎಂದರು. ಬಿಟ್ಟೆವು. ಕಾವಿಗೆ ಅರ್ಧ ಹಾರಿಹೋಯಿತು. ಉಳಿದರ್ಧ ಏನೂ ಆಗದವರಂತೆ ಮೇಲೆ ಬಂದು ತೇಲಿತು. ಇಮಾಮಸಾಬರು ಮೂಸಿ, "ಖರೇನ ಅದಲೇ! ಭಾಳ ಹುಷಾರ ಅದಾನ ಮಗಾ!" ಎಂದರು. ಹೊಗಳಿಕೆಯೂ ತಮಗೇ ಹೋಯಿತು.

ಅಮೀನಸಾಬರು ಹೇಳುವಂತೆ, ಕಾಯಿಸಿದ ಅಯೊಡೀನಿನ ತೇಜಾಬಿನ ಮುಂದೆ ಮಾತ್ರ ತಾವು ಮುರಿದು ಎರಡಾಗುತ್ತೀರಂತೆ: ಅರ್ಧ ಅಯೊಡೀನನ್ನು ಕಟ್ಟಿಕೊಂಡು ಹೊರಡುತ್ತದೆ, ಇನ್ನರ್ಧ ಸಾರಾಯಿಯ ಸತ್ವವಾಗುತ್ತದೆ, ತೇಜಾಬು ಹೆಚ್ಚಿದ್ದರೆ ಅದೂ ಮೊದಲಿನದರ ದಾರಿ ಹಿಡಿಯುತ್ತದೆ. ಬಡವರ ಹುಳಿಗೆ ಬಗ್ಗದೆ, ತಣ್ಣಗಿರುವ ದೊಡ್ಡವರ ಮಡಿಲಲ್ಲಿ ಅಡಗಿ, ಸಿಟ್ಟಿಗೆದ್ದ ದೊಡ್ಡವರ ಮುಂದೆ ಎರಡಾಗುವ ತಾವು ಬಾಟಲಿಯಲ್ಲಿ ಯಾಕಿದ್ದೀರಿ? ತಮ್ಮಂಥವರಿಗೆಂದೇ ಸರಕಾರಿ ಕಚೇರಿಯಲ್ಲಿ ಕುರ್ಚಿ ಖಾಲಿಯಿದೆ.

ಮುಂದೆ ಮಾಯವಾಗುವ ಮೊದಲು ಇಬ್ಬರು ಸಾಕ್ಷಿದಾರರ ರುಜು ಪಡೆದು ಬಾಟಲಿಯ ಕೊರಳಿಗೆ ಚೀಟಿ ಕಟ್ಟಬೇಕು. ಅದಾಗದಿದ್ದರೆ, ತಮ್ಮ ದೆಸೆಯಿಂದ ಯಾರನ್ನಾದರೂ ಕುಡುಕರೆಂದು ಮಂದಿ ಬಯ್ಯುವಾಗ ತೇಜಾಬಿನೊಳಗಿಂದ ಒಂದು ಸಲ ಕೆಮ್ಮಬೇಕೆಂದು ವಿನಂತಿ.

ತಮ್ಮಲ್ಲಿ ವಿಶ್ವಾಸವಿಟ್ಟು ಹೆಸರು ಕೆಡಿಸಿಕೊಂಡ,
ಶಾಬುದ್ದೀನ

ತಾ. ಕ.: ಈ ಬೆಳಿಗ್ಗೆ ಇಮಾಮಸಾಬರು ಹಂಡೆಯ ಮುಂದಿನ ಮಣೆಯನ್ನು ನನ್ನ ಕಡೆ ಸರಿಸಿದರು. ಒಂದು ಲಡಿ ರೇಷ್ಮೆ ಅದ್ದಿದೆ. ಎಷ್ಟು ಅದ್ದಿದ್ದೆನೋ ಅಷ್ಟೂ ಹೊರಗೆ ಬಂತು.