ಹನ್ನೆರಡನೇ ಕೋಣೆಯ ದೂರುದಾರ

ಎಲ್ಲಕ್ಕೂ ಕಾರಣ ಒಂದು ಬೆಲ್. ವೃದ್ಧರ ಆರೈಕೆಮನೆಯ ಹನ್ನೊಂದನೇ ಕೋಣೆಯ ಸೆಲ್ಮಾ ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದು ಬೆಲ್ ಒತ್ತಿದ್ದಳು. ಐವತ್ತು ನಿಮಿಷ ಯಾರೂ ಬರಲಿಲ್ಲ. ಪಕ್ಕದ ಹನ್ನೆರಡನೇ ಕೋಣೆಯಿಂದ ಆರ್ವಿಡಜ್ಜ ಕೂಗಿ ಕೂಗಿ ಗಂಟಲು ಹರಿದುಕೊಂಡ ಮೇಲೆ ಒಬ್ಬ ನರ್ಸ್ ಓಡಿ ಬಂದಳು. ಸದ್ಯ, ಮೂಳೆ ಮುರಿದಿರಲಿಲ್ಲ.

ಎಂಬತ್ತೊಂದು ವರ್ಷ ಯಾರಿಗೂ ಎದುರು ಮಾತಾಡದ ಆರ್ವಿಡಜ್ಜನಿಗೆ ಅವತ್ತು ಸಿಟ್ಟು ನೆತ್ತಿಗೇರಿತು. ಗೋಡೆಗೆ ಅಂಟಿಸಿದ್ದ ಸರ್ಕಾರದ ನಂಬರಿಗೆ ಫೋನ್ ಮಾಡಿ, ಆರ್ವಿಡ್ ಸ್ಕೋಗ್ ಎಂದು ತನ್ನ ಪೂರ್ತಿ ಹೆಸರು, ಕೋಣೆ, ಗಂಟೆ, ನಿಮಿಷ ಎಲ್ಲ ಹೇಳಿ ದೂರು ಕೊಟ್ಟೇಬಿಟ್ಟ.

"ಏನ್ ಮಾಡ್ಬಿಟ್ಟೆ ಮಾರಾಯ!" ಎಂದು ಕೋಣೆಯ ಜೊತೆಗಾರ ಹಾರ್ಲನ್ ತಲೆಯ ಮೇಲೆ ಕೈಯಿಟ್ಟುಕೊಂಡ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ್ದ ಹಾರ್ಲನ್‌ಗೆ ಲೋಕದಲ್ಲಿ ಗೊತ್ತಿಲ್ಲದ ವಿಷಯವೇ ಇರಲಿಲ್ಲ. "ಇನ್ನು ನೋಡು, ಸೇಡು ತೀರಿಸ್ಕೊಳ್ತಾರೆ."

ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆ ಹಾಕಿ ಬೇಯಿಸಿದ್ದ ಹಾಟ್‌ಡಿಶ್ ಮಂಜಿನಂತೆ ತಣ್ಣಗಿತ್ತು.

"ನೋಡಿದ್ಯಾ? ಶುರುವಾಯ್ತು!"

"ನಿಂದೂ ತಣ್ಣಗೇ ಇದೆಯಲ್ಲೋ?"

"ನಿನ್ನ ಜೊತೆ ಕೂತಿದ್ದೀನಲ್ಲ, ಅದಕ್ಕೆ!" ಎಂದ ಹಾರ್ಲನ್ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ. ಅಲ್ಲೂ ತಣ್ಣಗೇ ಇತ್ತು. ಊಟ ಮುಗಿಸಿ ಏಳುವಾಗ ಆರ್ವಿಡಜ್ಜನ ವಾಕರ್ ಮಾಯವಾಗಿತ್ತು. ಊಟದ ಮನೆಯಲ್ಲೆಲ್ಲ ಗುಸುಗುಸು. ಅರ್ಧ ಗಂಟೆ ಹುಡುಕಿದ ಮೇಲೆ ಹಾರ್ಲನ್ ಬಾಯಿಬಿಟ್ಟ: "ಅವ್ರು ಕಿತ್ಕೊಂಡು ಹೋಗ್ಬಾರ್ದು ಅಂತ ನಾನೇ ಬಚ್ಚಿಟ್ಟೆ. ಎಲ್ಲಿ ಅಂತ ಈಗ ನೆನಪಾಗ್ತಿಲ್ಲ." ಕೊನೆಗೆ ಅದು ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಿತು.

ಆದರೆ ಎರಡು ಗಂಟೆಗೆ ಬಂದದ್ದು ತಮಾಷೆಯಲ್ಲ. ಮೇಲ್ವಿಚಾರಕಿ ಮಿಸ್ ಕ್ಯಾಟಲಾನೊ ನ್ಯೂಜೆರ್ಸಿಯಿಂದ ನಮ್ಮ ಮಿನೆಸೋಟಕ್ಕೆ ಬಂದು ಮೂರು ವಾರವಾಗಿತ್ತು. ಬಾಗಿಲಲ್ಲೇ ನಿಂತು ನಗುನಗುತ್ತ ಹೇಳಿದಳು:

"ನಿಮಗೆ ಇಲ್ಲಿ ಸರಿಹೋಗ್ತಿಲ್ಲ ಅನ್ಸುತ್ತೆ ಸ್ಕೋಗ್ ಅವ್ರೇ. ನೂರು ಮೈಲಿ ಆಚೆ ನಮ್ದೇ ಇನ್ನೊಂದು ಆರೈಕೆಮನೆ ಇದೆ. ನಾಳೆನೇ ವ್ಯಾನ್ ಹೇಳ್ಲಾ?"

ಆರ್ವಿಡಜ್ಜ ಪಶ್ಚಿಮದ ಕಾರಿಡಾರಿನ ಕಡೆ ತಿರುಗಿ ನೋಡಿದ. ಅವನ ಹೆಂಡತಿ ಇಂಗಾ ಇದೇ ಕಟ್ಟಡದ ಪಶ್ಚಿಮದ ಭಾಗದಲ್ಲಿದ್ದಳು. ಅವಳ ಪಕ್ಕದ ಕೋಣೆಗಾಗಿ ಅವನು ಹೆಸರು ಬರೆಸಿ ಏಳು ತಿಂಗಳಾಗಿತ್ತು. ಅಲ್ಲಿಯವರೆಗೆ ವಾಕರ್ ತಳ್ಳಿಕೊಂಡು ಮೂರು ಕಾರಿಡಾರ್ ದಾಟಿ ದಿನಾ ಸಂಜೆ ಅವಳ ಹತ್ತಿರ ಹೋಗಿ ಕೂರುತ್ತಿದ್ದ. ನೂರು ಮೈಲಿ ವಾಕರ್ ತಳ್ಳಲಾಗುತ್ತದೆಯೇ?

ಅವನು ಎದ್ದು ನಿಂತ. "ನಾನೆಲ್ಲೂ ಹೋಗಲ್ಲ. ದೂರೂ ವಾಪಸ್ ತಗೊಳ್ಳಲ್ಲ. ಬೆಲ್ ಒತ್ತಿದ್ರೆ ಜನ ಬರ್ಬೇಕು. ಬರೋವರ್ಗೂ ನಾನು ಇಲ್ಲೇ ಕೂತಿರ್ತೀನಿ, ಏನ್ ಮಾಡ್ಕೊಳ್ತೀರೋ ಮಾಡ್ಕೊಳ್ಳಿ!"

ಮೂರು ಗಂಟೆಗೆ ಸರ್ಕಾರದ ಅಧಿಕಾರಿ ಓಡೆಟ್ ಬಂದಳು. ಪಕ್ಕದ ಊರಿನವಳೇ. ಕ್ಯಾಟಲಾನೊಳನ್ನು ಎದುರಿಗೆ ಕೂರಿಸಿಕೊಂಡು ಕಾನೂನು ಓದಿದಳು. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ. ತೊಂಬತ್ತು ದಿನದೊಳಗೆ ಅವರನ್ನು ಬಲವಂತವಾಗಿ ಸಾಗಿಸಿದರೆ, ಆರೈಕೆ ಕಡಿಮೆ ಮಾಡಿದರೆ, ಅದು ಸೇಡು ಅಲ್ಲವೆಂದು ಈ ಆರೈಕೆಮನೆಯವರೇ ತೋರಿಸಿಕೊಡಬೇಕು.

"ತಣ್ಣಗಿನ ಹಾಟ್‌ಡಿಶ್?" ಎಂದು ಹಾರ್ಲನ್ ನಡುವೆ ಬಾಯಿ ಹಾಕಿದ.

"ಅದು ಎಲ್ರಿಗೂ ತಣ್ಣಗಿತ್ತಾ?"

"ಎಲ್ರಿಗೂ."

"ಹಾಗಿದ್ರೆ ಅದು ಬೇರೆ ದೂರು," ಎಂದು ಓಡೆಟ್ ಅದನ್ನೂ ಬರೆದುಕೊಂಡು ಬೆಲ್‌ಗಳನ್ನು ಪರೀಕ್ಷಿಸಲು ಹೋದಳು.

ಕ್ಯಾಟಲಾನೊಳ ಮುಖ ಸುಣ್ಣದಂತೆ ಬಿಳಿಚಿತ್ತು. ಕಂಪನಿಯ ವಕೀಲನಿಗೆ ಫೋನ್ ಮಾಡಿದಳು. ಮುದುಕ ಆಡುವ ಪ್ರತಿ ಮಾತನ್ನೂ ಬರೆದಿಡು, ಅವನನ್ನು ಖುಷಿಯಾಗಿಡು ಎಂದು ವಕೀಲ ಹೇಳಿದ. ನಾಲ್ಕೂವರೆಗೆ ಅವಳು ಕಡತ ಹಿಡಿದು ಮತ್ತೆ ಬಂದಳು. ಈ ಸಲ ನಗುವಿನಲ್ಲಿ ಬೆಣ್ಣೆ ಇತ್ತು.

"ಆಗಿದ್ದಾಯ್ತು ಸ್ಕೋಗ್ ಅವ್ರೇ. ನಿಮ್ಮ ಹೆಂಡ್ತಿ ಪಕ್ಕದ ಕೋಣೆ ಇವತ್ತೇ ಖಾಲಿಯಾಯ್ತು. ಸಾಲಲ್ಲಿ ನಿಮ್ಮ ಹೆಸರೇ ಮೊದಲು. ಹೋಗ್ತೀರಾ?"

ಏಳು ತಿಂಗಳ ಆಸೆ! ಆರ್ವಿಡಜ್ಜನಿಗೆ ಕುಣಿಯಬೇಕೆನಿಸಿತು.

"ಅಯ್ಯೋ, ನನಗೋಸ್ಕರ ನಿಮಗ್ಯಾಕೆ ತೊಂದರೆ? ಬೇಡ ಬಿಡಿ," ಎಂದ.

ನಮ್ಮ ಕಡೆ ಹಾಗೆಯೇ. ಕಾಫಿಯಾಗಲಿ, ಕಾರಾಗಲಿ, ಯಾರಾದರೂ ಕೊಡುತ್ತೇನೆ ಎಂದರೆ ಎರಡು ಸಲ ಬೇಡ ಅನ್ನಬೇಕು. ಮೂರನೇ ಸಲ ಕೇಳಿದಾಗ, ನೀವು ಇಷ್ಟು ಹೇಳಿದ ಮೇಲೆ ಆಗಲಿ ಎನ್ನಬೇಕು. ಮೊದಲ ಸಲಕ್ಕೇ ಕೈಚಾಚಿದವನನ್ನು ಊರೆಲ್ಲ ಹತ್ತು ವರ್ಷ ಆಡಿಕೊಳ್ಳುತ್ತದೆ. ಆರ್ವಿಡಜ್ಜ ಎರಡನೇ ಸಲದ ಬೇಡವನ್ನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡು ಕಾದ.

ಕ್ಯಾಟಲಾನೊ ಬರೆದುಕೊಂಡಳು, ಹಾರ್ಲನ್ ಕೈಯಲ್ಲಿ ಸಾಕ್ಷಿಯ ಸಹಿ ಹಾಕಿಸಿಕೊಂಡಳು, ಥ್ಯಾಂಕ್ಸ್ ಎಂದು ಹೊರಟುಹೋದಳು.

"ಬರ್ತಾಳೆ, ಮತ್ತೆ ಕೇಳ್ತಾಳೆ," ಎಂದ ಹಾರ್ಲನ್.

ಐದು ಗಂಟೆಗೆ ಇಂಗಾಳ ಪಕ್ಕದ ಕೋಣೆಗೆ ಸಾಲಿನಲ್ಲಿ ಎರಡನೆಯವಳಾಗಿದ್ದ ಅಜ್ಜಿಯೊಬ್ಬಳು ತನ್ನ ಹಕ್ಕಿಯ ಪಂಜರ, ಹೂಕುಂಡಗಳ ಸಮೇತ ಬಂದಿಳಿದಳು. ಆರ್ವಿಡಜ್ಜ ವಾಕರ್ ತಳ್ಳಿಕೊಂಡು ಆಫೀಸಿಗೆ ಓಡಿದ.

"ಮೇಡಂ, ನಾನು ಬೇಡ ಅಂದಿದ್ದು ಮೊದಲನೇ ಸಲ!"

"ಹೌದು, ಬರ್ಕೊಂಡಿದ್ದೀನಲ್ಲ. ಈಗ ಆ ಅಮ್ಮನ್ನ ಎಬ್ಬಿಸಿದ್ರೆ ಅವ್ರು ದೂರು ಕೊಡ್ತಾರೆ. ನೀವೇ ಹೇಳಿ, ಬಲವಂತವಾಗಿ ಸಾಗಿಸ್ಬಹುದಾ?"

ಹಾರ್ಲನ್ ಓಡೆಟ್‌ಳನ್ನು ಕಾರಿಡಾರಿನಲ್ಲೇ ಅಡ್ಡಗಟ್ಟಿದ. "ಅವಳು ಎರಡನೇ ಸಲ ಕೇಳಲೇ ಇಲ್ಲ ತಾಯಿ! ಇದು ಸೇಡಲ್ವಾ?"

ಓಡೆಟ್ ನಿಟ್ಟುಸಿರು ಬಿಟ್ಟಳು. "ನನ್ನ ಕೇಳಿದ್ರೆ ಹೌದು. ಕಾನೂನಲ್ಲಿ ಮಾತ್ರ ಹಾಗೆ ಬರ್ದಿಲ್ಲ."

ಸಂಜೆ ಎಂದಿನಂತೆ ಮೂರು ಕಾರಿಡಾರ್ ದಾಟಿ ಆರ್ವಿಡಜ್ಜ ಇಂಗಾಳ ಪಕ್ಕದಲ್ಲಿ ಕುಸಿದು ಕೂತು ಎಲ್ಲ ಹೇಳಿದ. "ಆದ್ರೂ ದೂರು ಕೊಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ ಕಣೇ. ನಾಳೆ ಹತ್ತು ನಿಮಿಷ ತಡವಾದ್ರೂ ಮತ್ತೆ ಕೊಡ್ತೀನಿ."

"ಕೊಡು, ಖಂಡಿತ ಕೊಡು," ಎಂದಳು ಇಂಗಾ. ಆಮೇಲೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮದುವೆ ಆಗ್ತೀಯಾ ಅಂತ ನಾನು ನಿನ್ನ ಮೂರು ಸಲ ಕೇಳಿದ್ದೆ. ಆ ಕ್ಯಾಟಲಾನೊ ಹುಡುಗಿ ಬುದ್ಧಿವಂತೆ, ಒಂದೇ ಸಲ ಕೇಳಿ ಬಿಟ್ಟಳು."