ಫುಲ್ ಟ್ಯಾಂಕ್ ಪದ್ಧತಿ

ಕಣಕಟ್ಟೆ ಊರೊಳಗೆ ಹೋಗುವ ಮೊದಲು ಲೋಕೇಶ ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿದ. ಆಚೀಚೆ ಯಾರೂ ಇಲ್ಲದ್ದನ್ನು ನೋಡಿಕೊಂಡು, ಕೆಳಗಿಳಿದು ನೀರಿನಂಚಿನಿಂದ ಎರಡು ಬೊಗಸೆ ಕೆಸರು ತಂದು ಹಿಂದಿನ, ಮುಂದಿನ ನಂಬರ್ ಪ್ಲೇಟಿಗೆ ಚೆನ್ನಾಗಿ ಮೆತ್ತಿದ. ಬ್ಯಾಟರಿ ಕಾರಿಗೆ ಸರ್ಕಾರ ಹಸಿರು ಪ್ಲೇಟು ಕೊಡುತ್ತದೆ. ಆ ಹಸಿರು ಮಾವ ಜವರಣ್ಣನ ಕಣ್ಣಿಗೆ ಬಿದ್ದರೆ ಕತೆ ಮುಗಿಯಿತು. ಲೋಕೇಶ ಅರಸೀಕೆರೆಯ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಒಂದು ಸೀಟಿ ಊದಿ ಇಡೀ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಮನುಷ್ಯ. ಆದರೆ ಮಾವನ ಮುಂದೆ ಮಾತ್ರ ಅವನ ಬಾಯಲ್ಲಿ ಸೀಟಿಯಿರಲಿ, ಉಗುಳೂ ಇರುತ್ತಿರಲಿಲ್ಲ.

ಇವತ್ತು ಅವನು ಬಂದಿದ್ದು ಬಾಣಂತನಕ್ಕೆ ಹೋಗಿದ್ದ ಹೆಂಡತಿ ಕೋಮಲಳನ್ನೂ ಐದು ತಿಂಗಳ ಮಗಳನ್ನೂ ಮನೆಗೆ ಕರೆದೊಯ್ಯಲು. ನಾಳೆ ಅಮಾವಾಸ್ಯೆ, ಹೊರಡುವ ಹಾಗಿಲ್ಲ; ನಾಡಿದ್ದಿನಿಂದ ಆಷಾಢ. ಆಷಾಢದಲ್ಲಿ ಮಗುವನ್ನು ಹೊಸದಾಗಿ ತಂದೆಯ ಮನೆ ತುಂಬಿಸುವುದಿಲ್ಲ. ಅದೂ ಅಲ್ಲದೆ, ದೀಪ ಹಚ್ಚಿದ ಮೇಲೆ ಹೆಣ್ಣುಮಗಳನ್ನು ಹೊಸಿಲು ದಾಟಿಸುವ ಮನೆಯಲ್ಲ ಅದು. ಅಂದರೆ ಇವತ್ತು ಸಂಜೆ ದೀಪ ಹಚ್ಚುವುದರೊಳಗೆ ಹೊರಟರೆ ಉಂಟು, ಇಲ್ಲದಿದ್ದರೆ ಇನ್ನೊಂದು ತಿಂಗಳು ಖಾಲಿ ಮನೆ, ಹೋಟೆಲಿನ ಚಿತ್ರಾನ್ನ. ಲೋಕೇಶನಿಗೆ ಮಗಳು ನಗುವುದನ್ನು ಫೋನಿನಲ್ಲಿ ನೋಡಿ ನೋಡಿ ಹೊಟ್ಟೆ ಉರಿದುಹೋಗಿತ್ತು. ಇದಕ್ಕೆಂದೇ ಊರಿನಿಂದ ಬಂದಿದ್ದ ಅವನ ತಾಯಿ ಲಕ್ಕಮ್ಮ ಬೆಳಗ್ಗೆಯೇ ತೊಟ್ಟಿಲು ಒರೆಸಿಟ್ಟು, ಆರತಿ ತಟ್ಟೆಗೆ ಕುಂಕುಮದ ನೀರು ಕಲಸಲು ಕೂತಿದ್ದಳು.

ಇನ್ನು ಈ ಕೆಸರಿನ ವಿಚಾರ. ಜವರಣ್ಣನಿಗೆ ಲೋಕದ ಮೇಲೆ ಅನುಮಾನ ಜಾಸ್ತಿ. ಅವುಗಳಲ್ಲಿ ಮೂರನ್ನು ಅವನು ಮೊಮ್ಮಗಳ ನಾಮಕರಣದ ದಿನ ಪಂಕ್ತಿಯಲ್ಲಿ ಕೂತವರೆಲ್ಲರ ಎದುರಿಗೆ ಘೋಷಿಸಿದ್ದ. ಒಂದನೆಯದು ಬ್ಯಾಟರಿ ಕಾರು. ಅದು ಟಾರ್ಚಿನ ಸೆಲ್ಲಿಗೆ ಚಕ್ರ ಕಟ್ಟಿದ ಆಟದ ಸಾಮಾನು, ನಡು ರಸ್ತೆಯಲ್ಲಿ ಆರಿಹೋಗುತ್ತದೆ, ಆರದಿದ್ದರೆ ಹೊತ್ತಿಕೊಳ್ಳುತ್ತದೆ, ತನ್ನ ಮಗಳೂ ಮೊಮ್ಮಗಳೂ ಅಂಥದ್ದನ್ನು ಹತ್ತುವುದಿಲ್ಲ ಅಂದಿದ್ದ. ಎರಡನೆಯದು ಸರ್ಕಾರ ಆಸ್ಪತ್ರೆಗಳಿಗೆ ಸುರಿಯುವ ದುಡ್ಡು. ಅದೆಲ್ಲ ಗೋಡೆಗೆ ಬಣ್ಣವಾಗುತ್ತದೆಯೇ ಹೊರತು ರೋಗಿಗೆ ಮಾತ್ರೆಯಾಗುವುದಿಲ್ಲ, ಬೆಳಗ್ಗೆ ಹೋದವನು ದೀಪ ಹಚ್ಚುವ ಹೊತ್ತಿಗೆ ವಾಪಸು ಬಂದರೆ ಅವನ ಪುಣ್ಯ.

ಮೂರನೆಯದು ಮಾತಾಡುವ ಸ್ಪೀಕರ್. ಅದನ್ನು ಅತ್ತೆ ಕೆಂಪಲಕ್ಷ್ಮಮ್ಮನಿಗೆ ನಾಮಕರಣದ ಉಡುಗೊರೆಯಾಗಿ ತಂದುಕೊಟ್ಟವನೇ ಲೋಕೇಶ. ಕೇಳಿದ ದೇವರ ಹಾಡು ಹಾಡುತ್ತದೆ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ ಎಂದು ಅತ್ತೆ ಹಿಗ್ಗಿದ್ದಳು. ಜವರಣ್ಣ ಮಾತ್ರ ಅದರ ಮೇಲೆ ಒಂದು ಬಿದಿರಿನ ಮಂಕರಿ ಕವುಚಿ ಹಾಕಿದ. ಏನ್ ಕಾಲ ಬಂತಪ್ಪ, ಮನೆಯೊಳಗೆ ಮಾತಾಡಂಗಿಲ್ಲ, ಕದ್ದು ಕೇಳಕ್ಕೆ ಒಂದು ಕಿವಿ ತಂದಿಟ್ಟವ್ರೆ ಅಂತ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಈ ಘೋಷಣೆಯಾಗುವ ಹೊತ್ತಿಗೆ ಲೋಕೇಶ ಒಂದು ಹಳೆಯ ಬ್ಯಾಟರಿ ಕಾರಿಗೆ ಮುಂಗಡ ಕೊಟ್ಟಾಗಿತ್ತು. ಅವತ್ತೇ ಬಾಯಿಬಿಟ್ಟಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಬಿಡಲಿಲ್ಲ, ಪುಣ್ಯಾತ್ಮ.

ಕಾರು ಮನೆ ಮುಂದೆ ನಿಂತಾಗ ಜವರಣ್ಣ ಜಗಲಿಯಿಂದ ಇಳಿದು ಬಂದ. ಕಾರನ್ನು ಒಂದು ಸುತ್ತು ಹಾಕಿ, ಹಿಂದೆ ಒಂದು ಗಳಿಗೆ ನಿಂತು, ಮುಂದೆ ಬಂದ. ಪಕ್ಕದ ಮನೆಯ ಪುಟ್ಟಸ್ವಾಮಿ, ಯಾರ ಮನೆಗೆ ಏನು ಬಂದರೂ ಮೊದಲು ಮುಟ್ಟಿ ನೋಡುವ ಗಿರಾಕಿ, ಬಾನೆಟ್ಟಿನ ಮೇಲೆ ಕೈಯಿಟ್ಟು, ಗಾಡಿ ಬಂದಿದ್ದೇ ಗೊತ್ತಾಗಲಿಲ್ಲವಲ್ಲ ಮೇಷ್ಟ್ರೆ, ಸದ್ದೇ ಇಲ್ಲ ಎಂದ. ಹೊಸ ನಮೂನೆ ಇಂಜಿನ್ನು, ಸದ್ದು ಕಮ್ಮಿ ಅಂತ ಲೋಕೇಶ ತೊದಲಿದ.

"ಪೆಟ್ರೋಲಾ, ಡೀಸಲ್ಲಾ ಅಳಿಯಂದ್ರೆ?" ಜವರಣ್ಣ ಕೇಳಿದ.

"ಪೆಟ್ರೋಲು ಮಾವ."

"ಒಳ್ಳೇದಾಯ್ತು ಬಿಡಿ," ಎಂದು ಜವರಣ್ಣ ಒಳಗೆ ಹೋದ.

ಲೋಕೇಶ ರೊಟ್ಟಿ ತಿಂದು ಕೈ ತೊಳೆದವನೇ ಕೋಮಲಳನ್ನು ಮಂಕರಿಯಿದ್ದ ಕೋಣೆಗೆ ಕರೆದುಕೊಂಡು ಹೋದ. ಗುಟ್ಟು ಮಾತಾಡಲು ಆ ಮನೆಯಲ್ಲಿ ಅದೊಂದೇ ಜಾಗ. ಮಾವ ಅದರ ಹತ್ತಿರ ಸುಳಿಯುವುದಿಲ್ಲವಲ್ಲ. ವಿಷಯ ಕೇಳಿ ಕೋಮಲ ತಲೆ ಚಚ್ಚಿಕೊಂಡಳು. ಚಾರ್ಜು ನೂರಕ್ಕೆ ಎಪ್ಪತ್ತು ಇದೆ, ಅರಸೀಕೆರೆಗೆ ಇಪ್ಪತ್ತೈದು ಸಾಕು, ಬೇಗ ಹೊರಟುಬಿಡೋಣ ಎಂದು ಲೋಕೇಶ ಧೈರ್ಯ ಹೇಳಿದ.

"ಅಪ್ಪ ಮಡಿಲು ತುಂಬಿಸದೆ ಹೊರಡೋ ಹಂಗಿಲ್ಲ ಕಣ್ರೀ," ಎಂದಳು ಕೋಮಲ. "ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನಿ. ಇವತ್ತೊಂದು ದಿನ."

ಹೂಂ ಅನ್ನುವ ಮೊದಲ ಪ್ರಸಂಗ ಹೊರಗೇ ಕಾಯುತ್ತಿತ್ತು. ಜವರಣ್ಣನ ಬಿ.ಪಿ. ಮಾತ್ರೆ ಮುಗಿದಿತ್ತಂತೆ. ಬಾಣಾವರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದುಬಿಡೋಣ, ಬಂದ ಮೇಲೆ ಮಡಿಲು ತುಂಬುವುದು ಎಂದ. ಸರ್ಕಾರಿ ಆಸ್ಪತ್ರೆಯನ್ನು ಅಷ್ಟು ಬೈಯುವವರು ಅಲ್ಲಿಗೇ ಯಾಕೆ ಎಂದು ಕೇಳುವ ಗಂಡೆದೆ ಲೋಕೇಶನಿಗಿರಲಿಲ್ಲ. ಅವನು ಬಾಗಿಲು ತೆಗೆಯುವಷ್ಟರಲ್ಲಿ ಡಿಕ್ಕಿಗೆ ಎರಡು ಚೀಲ ತೆಂಗಿನಕಾಯಿ ಏರಿತ್ತು. ಬೀಗರ ಮನೆಗೆ ಅಂತೆ. ಅದರ ಪಕ್ಕದಲ್ಲಿ, ಕಳೆ ಕೊಚ್ಚುವ ಮಿಷನ್ನಿನ ಖಾಲಿ ಕ್ಯಾನೊಂದು. ಹಿಂದಿನ ಸೀಟಿನಲ್ಲಿ ಪುಟ್ಟಸ್ವಾಮಿ ಆಗಲೇ ಕೂತಾಗಿತ್ತು. ಒಂದು ಆಳಿಗೆ ಒಂದೂವರೆ ಆಳಿನ ತೂಕ.

ಊರು ದಾಟುತ್ತಲೇ ಜವರಣ್ಣ ಸೆಖೆ ಎಂದ. ಲೋಕೇಶ ಕಿಟಕಿ ಇಳಿಸಲು ಹೋದರೆ, ಧೂಳು ಬರುತ್ತದೆ, ಏಸಿ ಹಾಕಿ ಎಂದ. ಹಾಕಿದ ಮೇಲೆ, ಇಷ್ಟೇನಾ ಇದರ ಯೋಗ್ಯತೆ ಎಂದು ತಾನೇ ಗುಂಡಿ ತಿರುಗಿಸಿ ಕೊನೆಗೆ ಮುಟ್ಟಿಸಿದ. ಲೋಕೇಶ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಚಾರ್ಜಿನ ಅಂಕಿಯ ಮೇಲೆ ಇಟ್ಟು ಓಡಿಸಿದ. ಅಂಕಿ ಇಳಿದಂತೆಲ್ಲ ಅವನ ಬೆನ್ನಿನ ಮೇಲೆ ಬೆವರೂ ಇಳಿಯಿತು, ಅಷ್ಟು ಏಸಿಯಲ್ಲೂ. ಆ ಅಂಕಿ ಏನು ಮೇಷ್ಟ್ರೆ ಅಂತ ಹಿಂದಿನಿಂದ ಪುಟ್ಟಸ್ವಾಮಿ ಕತ್ತು ಚಾಚಿದ. ಹೊರಗಿನ ಸೆಖೆ ಎಷ್ಟು ಅಂತ ತೋರಿಸೋದು ಎಂದ ಲೋಕೇಶ. ಮುಂದಕ್ಕೆ ಹೋದಹಾಗೆಲ್ಲ ಸೆಖೆ ಕಮ್ಮಿಯಾಗುತ್ತಿದೆ ಎಂದು ಪುಟ್ಟಸ್ವಾಮಿ ಸಂತೋಷಪಟ್ಟ.

ಆಸ್ಪತ್ರೆಯಲ್ಲಿ ಒಂದು ವಿಚಿತ್ರ ನಡೆಯಿತು. ಜವರಣ್ಣ ಅಡಿಕೆ ಎಲೆ ಪೊಟ್ಟಣ ಬಿಚ್ಚಿಕೊಂಡು ಬೆಂಚಿನ ಮೇಲೆ ಸಂಜೆವರೆಗೂ ಕೂರುವವನ ಹಾಗೆ ಕಾಲು ಚಾಚಿ ಕೂತ. ಎಲೆಗೆ ಸುಣ್ಣ ಹಚ್ಚುವುದರೊಳಗೆ ಯಶೋಧರಾ ಎಂಬ ನರ್ಸಮ್ಮ ಹೆಸರು ಕರೆದರು. ಬಿ.ಪಿ. ನೋಡಿ, ಡಾಕ್ಟರಿಗೆ ತೋರಿಸಿ, ಒಂದು ತಿಂಗಳ ಮಾತ್ರೆಯನ್ನು ಪುಕ್ಕಟೆಯಾಗಿ ಕೈಗಿಟ್ಟು, ಉಪ್ಪು ಕಮ್ಮಿ ಮಾಡಿ ಅಜ್ಜ ಎಂದು ಕಳಿಸಿಕೊಟ್ಟರು. ಲೋಕೇಶನಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಜವರಣ್ಣನ ಮುಖ ಮಾತ್ರ ಹುಳ್ಳಗಾಗಿತ್ತು. ಇನ್ನೊಂದು ಸಲ ನೋಡ್ರಮ್ಮ, ಸರಿಯಾಗಿ ನೋಡಿದ್ರೋ ಇಲ್ಲವೋ ಅಂತ ಗೊಣಗಿದ. ಎರಡನೇ ಸಲವೂ ಬೇಗ ಮುಗಿಯಿತು.

ಚಾರ್ಜು ನಲವತ್ತೈದಿತ್ತು. ಏಸಿ ಇಲ್ಲದೆ ಹೋದರೆ ಕಣಕಟ್ಟೆಗೂ ಅಲ್ಲಿಂದ ಅರಸೀಕೆರೆಗೂ ಹೇಗೋ ಮುಟ್ಟಬಹುದು. ಲೋಕೇಶ ಮನಸ್ಸಿನಲ್ಲೇ ಜೇನುಕಲ್ಲು ಸಿದ್ಧೇಶ್ವರನಿಗೆ ಹರಕೆ ಹೊತ್ತ. ಆಗ ಜವರಣ್ಣ ಗಂಟಲು ಸರಿಮಾಡಿಕೊಂಡ.

"ಅಳಿಯಂದ್ರೆ, ಬಂಕಿನತ್ರ ನಿಲ್ಸಿ. ಮಗಳಿಗೆ ಮಡ್ಲು ತುಂಬೋ ಹಂಗೆ ಗಾಡಿಗೂ ತುಂಬಬೇಕು. ಮಗಳು ಕೂರೋ ಗಾಡಿನ ಫುಲ್ ಟ್ಯಾಂಕ್ ಮಾಡ್ಸಿ ಕಳಿಸೋದು ನಮ್ಮನೆ ಪದ್ಧತಿ. ತವರಿನಿಂದ ಖಾಲಿ ಗಾಡಿ ಹೋಗಬಾರದು."

ಇಂಥ ಪದ್ಧತಿಯನ್ನು ಲೋಕೇಶ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಿಂದೆ ಎತ್ತಿನ ಗಾಡಿ ಕಾಲದಲ್ಲಿ ಏನು ತುಂಬುತ್ತಿದ್ದರೋ. ಟ್ಯಾಂಕ್ ಫುಲ್ ಇದೆ ಮಾವ ಎಂದು ಹೇಳಿ ನೋಡಿದ. ಹಂಗಾದರೆ ಶಾಸ್ತ್ರಕ್ಕೆ ಒಂದು ಲೀಟರ್ ಎಂದ ಜವರಣ್ಣ. ಬಂಕಿನೊಳಗೆ ಕಾರು ನಿಂತದ್ದೇ ಲೋಕೇಶ ಹಾರಿ ಇಳಿದು, ಪೈಪು ಹಿಡಿದು ನಿಂತಿದ್ದ ಪ್ರತಿಮಾ ಎಂಬ ಹೆಣ್ಣುಮಗಳ ಹತ್ತಿರ ಓಡಿ, ಪೆಟ್ರೋಲ್ ಇಲ್ಲ ಅಂತ ಹೇಳಿಬಿಡಿ ತಾಯಿ, ನನ್ನ ಹೆಂಡತಿ ಮಗುವಿನ ಪ್ರಶ್ನೆ ಎಂದು ಪಿಸುಗುಟ್ಟಿದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಪಾಪ ಅನಿಸಿರಬೇಕು, ಸ್ಟಾಕ್ ಇಲ್ಲ ಸಾರ್ ಎಂದು ಕೂಗಿ ಹೇಳಿದಳು. ಅಷ್ಟು ಹೇಳಿ, ಪಕ್ಕದ ಬೈಕಿಗೆ ಪೆಟ್ರೋಲ್ ಹಾಕತೊಡಗಿದಳು.

ಜವರಣ್ಣ ಅದನ್ನು ನೋಡಿದನೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ. "ಇಲ್ಲದಿದ್ರೆ ಹೋಗ್ಲಿ. ಕಡೂರು ರಸ್ತೇಲಿ ಇನ್ನೊಂದು ಬಂಕೈತೆ, ನಡೀರಿ," ಎಂದ. ಕಡೂರು ರಸ್ತೆ ಅಂದರೆ ಊರಿಗೆ ತಿರುಗಾಮುರುಗಾ ದಾರಿ. ಸುಳ್ಳಿಗೆ ದಂಡ ಕಟ್ಟುವ ಹಾಗೆ ಲೋಕೇಶ ಕಾರು ತಿರುಗಿಸಿದ. ಏಸಿ ಮತ್ತೆ ಭೋರ್ಗರೆಯಿತು.

ಎರಡನೇ ಬಂಕಿನಲ್ಲಿ ಅವನಿಗೆ ಹೊಸ ಸುಳ್ಳು ಹೊಳೆಯಿತು. ಟ್ಯಾಂಕಿನ ಮುಚ್ಚಳ ಸಿಕ್ಕಿಹಾಕಿಕೊಂಡಿದೆ, ಮನೆಗೆ ಹೋಗಿ ನಿಧಾನವಾಗಿ ಬಿಚ್ಚಿ ಸುರಿದುಕೊಳ್ಳುತ್ತೇನೆ, ಈಗ ಕ್ಯಾನಿಗೆ ಹಾಕಿಸೋಣ ಎಂದ. ಜವರಣ್ಣ ತಕರಾರಿಲ್ಲದೆ ಒಪ್ಪಿದ. ಐದು ಲೀಟರ್ ತುಂಬಿದ ಮೇಲೆ ಜೇಬು ತಡಕಿಕೊಂಡು, ಪರ್ಸು ಮನೆಯಲ್ಲೇ ಉಳಿಯಿತಲ್ಲ ಎಂದ. ತನ್ನ ಬ್ಯಾಟರಿ ಕಾರಿಗೆ ಲೋಕೇಶ ತಾನೇ ಪೆಟ್ರೋಲ್ ಹಾಕಿಸಿದ.

ಕಣಕಟ್ಟೆ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಅಂಕಿ ಹನ್ನೊಂದು. ಈ ಚಾರ್ಜಿನಲ್ಲಿ ಹೊರಟರೆ ನಡುದಾರಿಯಲ್ಲಿ ಮಗುವನ್ನು ಎತ್ತಿಕೊಂಡು ನಿಲ್ಲಬೇಕಾಗುತ್ತದೆ, ಮಾವ ಹೇಳಿದ್ದೇ ನಿಜವಾಗುತ್ತದೆ. ಜವರಣ್ಣ ಮುಖ ತೊಳೆಯಲು ಹಿತ್ತಲಿಗೆ ಹೋದ. ಲೋಕೇಶ ಕಾರನ್ನು ಕೊಟ್ಟಿಗೆಯ ಮಗ್ಗುಲಿಗೆ ಸರಿಸಿ, ಅಲ್ಲಿದ್ದ ಪ್ಲಗ್ಗಿಗೆ ವೈರು ಸಿಕ್ಕಿಸಿದ. ಕಾರಿಗೆ ಹೋಗುವ ವೈರಿನ ಮೇಲೆ ಕೋಮಲ ಮಗುವಿನ ಬಟ್ಟೆ ಒಣಹಾಕುವವಳ ಹಾಗೆ ಒಂದು ಸೀರೆ ಹರಡಿದಳು. ಅಂಕಿ ಹನ್ನೆರಡಾಯಿತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಹದಿಮೂರಾಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು.

ವಿಚಿತ್ರವೆಂದರೆ ಪಕ್ಕದಲ್ಲಿ ಪುಟ್ಟಸ್ವಾಮಿಯ ಟಿವಿ ಮಾತಾಡುತ್ತಲೇ ಇತ್ತು. ಲೋಕೇಶ ಓಡಿಹೋಗಿ ಕೇಳಿದರೆ, ನಮ್ಮಲ್ಲಿದೆ, ನಿಮ್ಮಲ್ಲಿ ಫೀಸು ಹೋಗಿರಬೇಕು ಎಂದು ಪುಟ್ಟಸ್ವಾಮಿ ಆಕಳಿಸಿದ. ವಾಪಸು ಬರುವಷ್ಟರಲ್ಲಿ ಮನೆಯೊಳಗೆ ಕತ್ತಲಾಗಿದೆ ಎಂದು ಕೆಂಪಲಕ್ಷ್ಮಮ್ಮ ದೇವರ ಮುಂದೆ ದೀಪ ಹಚ್ಚಿ ಕೈಮುಗಿದು ನಿಂತಿದ್ದಳು.

ಲೋಕೇಶ ಜಗಲಿಯ ಮೇಲೆ ಕುಸಿದು ಕೂತು, ಅಲ್ಲಿಗೆ ಬಂದ ಮಾವನ ಮುಂದೆ ಎಲ್ಲವನ್ನೂ ಒದರಿಬಿಟ್ಟ. ಇದು ಬ್ಯಾಟರಿ ಗಾಡಿ, ಪ್ಲೇಟಿಗೆ ಕೆಸರು ಮೆತ್ತಿದ್ದು ತಾನೇ, ಬಂಕಿನಲ್ಲಿ ಹೇಳಿಸಿದ್ದು ಸುಳ್ಳು, ಮುಚ್ಚಳ ಸಿಕ್ಕಿಕೊಂಡಿದ್ದೂ ಸುಳ್ಳು, ತಪ್ಪಾಯಿತು, ಹೇಗಾದರೂ ಮಾಡಿ ಇವತ್ತು ಕಳಿಸಿಕೊಡಿ ಎಂದ. ಕೋಮಲ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

ಜವರಣ್ಣ ಅಳಿಯನ ಹೆಗಲ ಮೇಲೆ ಕೈಯಿಟ್ಟ.

"ಹೋಗ್ಲಿ ಬಿಡಿ ಅಳಿಯಂದ್ರೆ. ವಯಸ್ಸಿನ ಹುಡುಗ್ರು, ಏನೋ ಮಾಡ್ತೀರಿ. ನಾನೇನೂ ಮನಸಿಗೆ ಹಚ್ಕಳಲ್ಲ. ಆದ್ರೆ ದೀಪ ಹಚ್ಚಾಯ್ತಲ್ಲ. ಆಷಾಢ ಕಳೀಲಿ, ಚಾರ್ಜ್ ತುಂಬಿಸ್ಕಂಡು ಬನ್ನಿ, ನಾನೇ ಮುಂದೆ ನಿಂತು ಕಳಿಸ್ತೀನಿ. ಆ ಪೆಟ್ರೋಲ್ ಹೆಂಗೂ ನಿಮಗೆ ಬೇಡ, ನನ್ನ ಮಿಷನ್ನಿಗೆ ಆಗ್ತದೆ."

ಲೋಕೇಶನ ಕಣ್ಣಲ್ಲಿ ನೀರು ಬಂತು. ಇಷ್ಟು ದೊಡ್ಡ ಮನಸ್ಸಿನ ಮನುಷ್ಯನಿಗೆ ಇಡೀ ದಿನ ಸುಳ್ಳು ಹೇಳಿದೆನಲ್ಲ ಎಂದು ನಾಚಿಕೆಯಾಯಿತು. ಫೀಸು ನೋಡಿ ಬತ್ತೀನಿ ಎಂದು ಜವರಣ್ಣ ಎದ್ದು ಹೋದ, ಹೋದ ತಕ್ಷಣ ಕರೆಂಟೂ ಬಂತು.

ತಾಯಿಗೆ ಸುದ್ದಿ ತಿಳಿಸೋಣ ಎಂದರೆ ಫೋನು ಆ ಮಂಕರಿಯ ಕೋಣೆಯಲ್ಲಿತ್ತು. ಲೋಕೇಶ ಕೋಣೆಯ ಬಾಗಿಲಿಗೆ ಬಂದವನು ಅಲ್ಲೇ ನಿಂತ. ಒಳಗೆ ಮಂಕರಿ ಮೇಲೆದ್ದು ಗೋಡೆಗೆ ಒರಗಿತ್ತು. ಜವರಣ್ಣ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೀಸೆಯನ್ನು ಅವಳ ಮುಷ್ಟಿಗೆ ಕೊಟ್ಟು, ಸ್ಪೀಕರಿನ ಮುಂದೆ ಬಗ್ಗಿ ಕೂತಿದ್ದ. ದನಿ ಬೆಣ್ಣೆಯಷ್ಟು ಮೆತ್ತಗಿತ್ತು.

"ಬೆಳಗ್ಗೆ ನೀನು ಹೇಳಿದಂಗೇ ಆಯ್ತು ಕಣವ್ವ. ಏಸಿ ಹಾಕಿಸ್ದೆ, ಭಾರ ಏರಿಸ್ದೆ, ಸುತ್ತಾಡಿಸ್ದೆ, ಚಾರ್ಜು ತಳ ಮುಟ್ತು. ಗಾಡಿ ಮೈಯೆಲ್ಲ ಥಳಥಳ ಅಂತೈತೆ, ಬೋರ್ಡಿಗೆ ಮಾತ್ರ ಕೆಸರು. ನಾನೇನು ಕುರುಡನಾ? ಕೊನೇಗೆ ಫೀಸೂ ಕಿತ್ತೆ ಅನ್ನು. ಆಸ್ಪತ್ರೆಯವ್ರು ಮಾತ್ರ ಕೈಕೊಟ್ಬಿಟ್ರು. ಸಂಜೆಗಂಟ ಕೂರಿಸ್ತಾರೆ ಅಂತ ನಂಬ್ಕಂಡು ಹೋಗಿದ್ದೆ." ಮಗು ಮೀಸೆ ಎಳೆಯಿತು. ಜವರಣ್ಣ ಅದರ ನೆತ್ತಿಯನ್ನು ಮೂಸಿದ. "ಈ ಕೂಸು ಹೋದ್ರೆ ಮನೆ ಬಿಕೋ ಅಂತದೆ ಕಣವ್ವ. ನೀನೇ ಹೇಳು, ಮುಂದಿನ ಸಲ ಅವನು ಪೆಟ್ರೋಲ್ ಗಾಡಿ ತಂದ್ರೆ ಏನ್ ಮಾಡನ?"

ಪೆಟ್ರೋಲ್ ಕಾರಿನ ಟ್ಯಾಂಕ್ ಬೇಗ ಖಾಲಿಯಾಗಬೇಕಾದರೆ ಎಂದು ಸ್ಪೀಕರ್ ಇಂಪಾದ ದನಿಯಲ್ಲಿ ಶುರುಮಾಡಿತು.

"ಅದು ಬ್ಯಾಡ, ಅದು ಬ್ಯಾಡ," ಎಂದ ಜವರಣ್ಣ. "ಫುಲ್ ಟ್ಯಾಂಕ್ ಮಾಡ್ಸಿ ಕಳಿಸೋದು ನಮ್ಮನೆ ಪದ್ಧತಿ ಅಂತ ಬಾಯ್ಬಿಟ್ಟು ಹೇಳ್ಬಿಟ್ಟಿವ್ನಿ. ಬೇರೆ ಏನಾರ ಹೇಳು."

ಲೋಕೇಶನಿಗೆ ಕೋಪ ನೆತ್ತಿಗೇರಿತು. ಆದರೆ ಮಗಳು ಮುದುಕನ ಮೀಸೆಯನ್ನು ಹಿಡಿದು ನಗುತ್ತಿದ್ದಳು, ಕೋಪ ಅರ್ಧಕ್ಕೆ ನಿಂತಿತು. ಒಳಗೆ ನುಗ್ಗಿ ಬೈಯೋಣವೆಂದರೆ ಈಗಷ್ಟೇ ಆ ಮನುಷ್ಯನ ಮುಂದೆ ಅತ್ತು ಕ್ಷಮೆ ಕೇಳಿಕೊಂಡು ಬಂದಾಗಿತ್ತು. ಆ ಉತ್ತರವನ್ನಾದರೂ ಕೇಳಿಕೊಂಡು ಹೋಗೋಣವೆಂದು ಅವನು ಬಾಗಿಲಿಗೆ ಕಿವಿಕೊಟ್ಟ.

ಅಷ್ಟರಲ್ಲಿ ಒಳಗೆ ಕಿಟಕಿಯ ಮೇಲಿದ್ದ ಫೋನು ಬಡಿದುಕೊಂಡಿತು. ಲಕ್ಕಮ್ಮನದೇ ಇರಬೇಕು, ಆರತಿ ತಟ್ಟೆ ಹಿಡಿದು ಎಷ್ಟು ಹೊತ್ತಿನಿಂದ ನಿಂತಿದ್ದಾಳೋ. ಜವರಣ್ಣ ಬೆಚ್ಚಿಬಿದ್ದು ಮಂಕರಿಯನ್ನು ದಬಕ್ಕನೆ ಕವುಚಿದ. ಮಗುವನ್ನು ಹೆಗಲಿಗೆ ಹಾಕಿಕೊಂಡು, ಫೋನು ಹಿಡಿದು ಹೊರಬಂದವನು ಬಾಗಿಲ ಸಂದಿಗೆ ಅಂಟಿಕೊಂಡಿದ್ದ ಅಳಿಯನನ್ನು ನೋಡಿದ. ಫೋನನ್ನು ಅವನ ಕೈಗಿಟ್ಟು, ನಿಟ್ಟುಸಿರು ಬಿಟ್ಟು, ತಲೆಯಾಡಿಸುತ್ತ ಮುಂದೆ ನಡೆದ.

"ಏನ್ ಕಾಲ ಬಂತಪ್ಪ. ಮನೆಯೊಳಗೆ ಮಾತಾಡಂಗಿಲ್ಲ, ಕದ್ದು ಕೇಳ್ತಾರೆ."